ಸ್ಪೋರ್ಟ್ಸ್ ಡ್ರಿಂಕ್: ಬೆವರು ಎಷ್ಟು, ಬಾಟಲಿ ಎಷ್ಟು?

ಸಂಜೆ ಶಟಲ್ ಆಡಿದ ಮೇಲೆ ಒಂದು ನೀಲಿ ಬಾಟಲಿ ಖಾಲಿ ಮಾಡುವುದು ನನಗೆ ಅಭ್ಯಾಸವೇ ಆಗಿಹೋಗಿತ್ತು. ಮುಕ್ಕಾಲು ಗಂಟೆ ಡಬಲ್ಸ್. ಅದರಲ್ಲಿ ಕಾಲು ಗಂಟೆ ಪಾಯಿಂಟ್ ಎಷ್ಟಾಯಿತು ಅನ್ನುವ ಜಗಳ. ಆಮೇಲೆ ಬೆಂಚಿನ ಮೇಲೆ ಕೂತು ಅರ್ಧ ಲೀಟರ್ ಗಟಗಟ. ಬೆವರು ಹೋಗಿದೆ, ಉಪ್ಪು ಹೋಗಿದೆ, ವಾಪಸ್ ತುಂಬಿಕೊಳ್ಳಬೇಕು ಅಲ್ವಾ?

ಒಂದು ದಿನ ಸುಮ್ನೆ ಕುತೂಹಲಕ್ಕೆ ತೂಕದ ಯಂತ್ರದ ಮೇಲೆ ನಿಂತೆ. ಆಡುವ ಮೊದಲು 72.4 ಕಿಲೋ. ಆಡಿ ಬಂದು, ಮೈ ಒರೆಸಿಕೊಂಡು, ಒದ್ದೆ ಬಟ್ಟೆ ತೆಗೆದಿಟ್ಟು ಮತ್ತೆ ನಿಂತರೆ 72.0. ನಡುವೆ ಒಂದು ಗುಟುಕೂ ಕುಡಿದಿರಲಿಲ್ಲ. ಅಂದರೆ ಹೋಗಿದ್ದು ಹೆಚ್ಚುಕಡಿಮೆ 400 ಮಿಲಿ ಲೀಟರ್ ಬೆವರು. ಒಂದು ಲೀಟರ್ ಬೆವರಿನಲ್ಲಿ ಸಾಮಾನ್ಯವಾಗಿ ಸುಮಾರು ಒಂದು ಗ್ರಾಂ ಸೋಡಿಯಂ ಇರುತ್ತದೆ. ಆ ಲೆಕ್ಕದಲ್ಲಿ ನಾನು ಕಳೆದುಕೊಂಡ ಸೋಡಿಯಂ ಅರ್ಧ ಗ್ರಾಂಗೂ ಕಮ್ಮಿ. ರಾತ್ರಿ ಊಟದಲ್ಲೇ ಅದಕ್ಕಿಂತ ಜಾಸ್ತಿ ಹೊಟ್ಟೆಗೆ ಹೋಗುತ್ತದೆ. ಬಾಟಲಿಯಿಂದ ನನಗೆ ಹೊಸದಾಗಿ ಸಿಕ್ಕಿದ್ದು 30 ಗ್ರಾಂ ಸಕ್ಕರೆ. ಏಳು ಟೀ ಚಮಚಕ್ಕೂ ಮೇಲೆ.

ಹಾಗಂತ ಇದೆಲ್ಲ ಬರೀ ಬಣ್ಣದ ಸಕ್ಕರೆ ನೀರು ಅಂತ ತಳ್ಳಿಹಾಕುವ ಹಾಗೂ ಇಲ್ಲ. ಮೂರು ಗಂಟೆ ಸೈಕಲ್ ತುಳಿಯುವವರ ಕೈಯಲ್ಲಿ ಇದೇ ಬಾಟಲಿ ನಿಜಕ್ಕೂ ಕೆಲಸ ಮಾಡುತ್ತದೆ. ತೊಂದರೆ ಏನೆಂದರೆ, ಇದನ್ನು ಮಾಡಿದ್ದು ಒಂದು ಸಂದರ್ಭಕ್ಕೆ, ಮಾರುತ್ತಿರುವುದು ಎಲ್ಲ ಸಂದರ್ಭಕ್ಕೂ. ಅಲ್ಲಿ ಉಪಕಾರ ಮಾಡುವ ಸಕ್ಕರೆ, ಉಪ್ಪು, ಹುಳಿಯೇ ಇಲ್ಲಿ ಬೇಡದ್ದಾಗುತ್ತವೆ.

ಕಿಡ್ನಿ ಡಾಕ್ಟರ್ ಮಾಡಿದ ಪಾನೀಯ

1965. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯ. ಅಲ್ಲಿನ ಫುಟ್‌ಬಾಲ್ ತಂಡದ ಸಹಾಯಕ ಕೋಚ್ ಒಬ್ಬರಿಗೆ ಒಂದು ವಿಚಿತ್ರ ಸಂಶಯ. ಪಂದ್ಯದ ಹೊತ್ತಿನಲ್ಲಿ ನಮ್ಮ ಹುಡುಗರಿಗೆ ಮೂತ್ರವೇ ಬರುವುದಿಲ್ಲವಲ್ಲ, ಯಾಕೆ? ಪ್ರಶ್ನೆ ಹೋಗಿದ್ದು ಅದೇ ವಿಶ್ವವಿದ್ಯಾಲಯದ ಕಿಡ್ನಿ ವೈದ್ಯ ರಾಬರ್ಟ್ ಕೇಡ್ ಹತ್ತಿರ. ಇದು ಅಮೆರಿಕನ್ ಫುಟ್‌ಬಾಲ್. ಹೆಲ್ಮೆಟ್ಟು, ದಪ್ಪ ಪ್ಯಾಡು, ಮೇಲೆ ಸುಡುವ ಬಿಸಿಲು. ಒಂದು ಪಂದ್ಯದಲ್ಲಿ ಕೆಲವರ ತೂಕ ಎಂಟು ಕಿಲೋವರೆಗೂ ಇಳಿಯುತ್ತಿತ್ತಂತೆ. ಮೈಯಲ್ಲಿದ್ದ ನೀರೆಲ್ಲ ಬೆವರಾಗಿ ಹೋದರೆ ಮೂತ್ರ ಎಲ್ಲಿಂದ ಬರಬೇಕು? ಆಟದ ನಡುವೆ ನೀರು ಕುಡಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ, ಗಟ್ಟಿ ಆಟಗಾರ ನೀರು ಕೇಳುವುದಿಲ್ಲ ಅನ್ನುವ ನಂಬಿಕೆ ಆಗ ಕೋಚ್‌ಗಳಲ್ಲಿ ಇತ್ತು.

ಕೇಡ್ ಮತ್ತು ಅವರ ಜೊತೆಗಾರರು ನೀರು, ಉಪ್ಪು, ಸಕ್ಕರೆ ಕಲಸಿದರು. ಬಾಯಿಗೆ ಇಡಲಾಗದಷ್ಟು ಕೆಟ್ಟದಾಗಿತ್ತು. ನಿಂಬೆ ರಸ ಹಾಕಿ ನೋಡಿ ಅಂದಿದ್ದು ಕೇಡ್ ಅವರ ಹೆಂಡತಿ. ತಂಡದ ಹೆಸರು ಗೇಟರ್ಸ್, ಪಾನೀಯದ ಹೆಸರು ಗೇಟರೇಡ್. 1967ರ ಜನವರಿಯಲ್ಲಿ ಆ ತಂಡ ಆರೆಂಜ್ ಬೌಲ್ ಅನ್ನುವ ಹೆಸರಾಂತ ಪಂದ್ಯ ಗೆದ್ದಿತು. ಅದೇ ವರ್ಷ ಒಂದು ಆಹಾರ ಕಂಪನಿ ಅದರ ಹಕ್ಕು ಪಡೆಯಿತು. ಈಗ ಅದು ಪೆಪ್ಸಿಕೋ ಕೈಯಲ್ಲಿದೆ.

ಬೇರೆ ದೇಶಗಳ ಕಥೆಯೂ ಆಸ್ಪತ್ರೆಯ ಆಸುಪಾಸಿನಲ್ಲೇ ಶುರುವಾಗುತ್ತದೆ. ಬ್ರಿಟನ್ನಿನ ಲೂಕೋಜೇಡ್ 1927ರಲ್ಲಿ ಬಂದಾಗ ಅದು ಕಾಯಿಲೆ ಬಿದ್ದವರಿಗೆ ಕೊಡುವ ಗ್ಲೂಕೋಸ್ ಪಾನೀಯ. 1980ರ ದಶಕದಲ್ಲಿ ಜಾಹೀರಾತು ಬದಲಾಯಿತು, ಅದು ಓಟಗಾರರ ಕೈಗೆ ಬಂತು. ಜಪಾನಿನ ಪೊಕಾರಿ ಸ್ವೆಟ್ 1980ರಲ್ಲಿ ಬಂತು. ಡ್ರಿಪ್ ಹಾಕುವ ದ್ರವವನ್ನೇ ಕುಡಿಯುವ ಹಾಗೆ ಮಾಡಿದರೆ ಹೇಗೆ ಅನ್ನುವ ಯೋಚನೆಯಿಂದ ಹುಟ್ಟಿದ್ದು ಅದು. ರೋಗಿಯ ಮಂಚದಿಂದ ಮೈದಾನಕ್ಕೆ, ಮೈದಾನದಿಂದ ಆಫೀಸಿನ ಮೇಜಿಗೆ. ಕೊನೆಯ ಹೆಜ್ಜೆಗೆ ಮಾತ್ರ ಯಾವ ವೈದ್ಯರೂ ಚೀಟಿ ಬರೆದಿರಲಿಲ್ಲ.

ಕರುಳಿನ ಬಾಗಿಲು

ಉಪ್ಪಿನ ಜೊತೆ ಸಕ್ಕರೆ ಯಾಕೆ? ಇದಕ್ಕೆ ಉತ್ತರ ಕೊಟ್ಟವರು ರಾಬರ್ಟ್ ಕ್ರೇನ್ ಅನ್ನುವ ವಿಜ್ಞಾನಿ. 1960ರಲ್ಲಿ ಪ್ರಾಗ್‌ನ ಒಂದು ಸಭೆಯಲ್ಲಿ ಅವರು ತಮ್ಮ ಲೆಕ್ಕಾಚಾರ ಮುಂದಿಟ್ಟರು. ಸಣ್ಣ ಕರುಳಿನ ಒಳಗೋಡೆಯಲ್ಲಿ ಒಂದು ಬಾಗಿಲಿದೆ ಅಂದುಕೊಳ್ಳಿ. ಸೋಡಿಯಂ ಮತ್ತು ಗ್ಲೂಕೋಸ್ ಕೈ ಕೈ ಹಿಡಿದು ಬಂದರೆ ಅದು ಎರಡನ್ನೂ ಒಳಗೆ ಎಳೆದುಕೊಳ್ಳುತ್ತದೆ. ಅವುಗಳ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಹಾಗಾಗಿ ಸ್ವಲ್ಪ ಸಕ್ಕರೆ, ಸ್ವಲ್ಪ ಉಪ್ಪು ಇರುವ ನೀರು ಕರುಳಿನಿಂದ ರಕ್ತಕ್ಕೆ ಬೇಗ ಸೇರುತ್ತದೆ.

ವಾಂತಿ ಭೇದಿಗೆ ಕೊಡುವ ಒಆರ್‌ಎಸ್ ನಿಂತಿರುವುದೂ ಇದೇ ಬಾಗಿಲಿನ ಮೇಲೆ. ಕಾಲರಾದಿಂದ ಸಾಯಬಹುದಾಗಿದ್ದ ಲೆಕ್ಕವಿಲ್ಲದಷ್ಟು ಮಕ್ಕಳನ್ನು ಉಳಿಸಿದ್ದು ಅದು. ಹಾಗಾದರೆ ಸ್ಪೋರ್ಟ್ಸ್ ಡ್ರಿಂಕೂ ಒಆರ್‌ಎಸ್ಸೂ ಒಂದೇ ಅಲ್ವಾ? ಅಲ್ಲ. ಲೀಟರ್ ಲೆಕ್ಕದಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ತಿದ್ದಿದ ಒಆರ್‌ಎಸ್ ಸೂತ್ರದಲ್ಲಿ ಗ್ಲೂಕೋಸ್ 13.5 ಗ್ರಾಂ, ಸೋಡಿಯಂ ಸುಮಾರು 1.7 ಗ್ರಾಂ. ಸಾಮಾನ್ಯ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಸಕ್ಕರೆ 60 ಗ್ರಾಂ ಆಸುಪಾಸು, ಸೋಡಿಯಂ ಅರ್ಧ ಗ್ರಾಂ. ಸಕ್ಕರೆ ನಾಲ್ಕು ಪಟ್ಟಿಗೂ ಜಾಸ್ತಿ, ಸೋಡಿಯಂ ಮೂರನೇ ಒಂದು ಭಾಗಕ್ಕೂ ಕಮ್ಮಿ.

ಈ ವ್ಯತ್ಯಾಸಕ್ಕೆ ಎರಡು ಕಾರಣ. ಒಂದು, ಓಡುವವರಿಗೆ ನೀರಿನ ಜೊತೆ ಶಕ್ತಿಯೂ ಬೇಕು. ಎರಡನೆಯದು ಸರಳ: ರುಚಿ. ಒಆರ್‌ಎಸ್ ಅನ್ನು ಯಾರೂ ಖುಷಿಯಿಂದ ಕುಡಿಯುವುದಿಲ್ಲ. ಬೆವರಿನಷ್ಟೇ ಉಪ್ಪು ಹಾಕಿದರೆ ಬಾಟಲಿ ಮಾರಾಟ ಆಗುವುದಿಲ್ಲ. ಕೇಡ್ ಅವರ ಮೊದಲ ಪ್ರಯೋಗಕ್ಕೆ ಆದ ಗತಿಯೇ ಅದಕ್ಕೂ ಆಗುತ್ತದೆ. ಹಾಗಾಗಿ ನಾವು ಕುಡಿಯುವ ಸ್ಪೋರ್ಟ್ಸ್ ಡ್ರಿಂಕ್ ಅನ್ನುವುದು ದೇಹಕ್ಕೂ ನಾಲಿಗೆಗೂ ನಡೆದ ಒಂದು ರಾಜಿ.

ಇಷ್ಟಾದರೂ ಆ ಸ್ವಲ್ಪ ಉಪ್ಪಿಗೆ ಒಂದು ಜಾಣ ಕೆಲಸ ಇದೆ. ಬರೀ ನೀರು ಕುಡಿದರೆ ರಕ್ತ ಬೇಗ ತೆಳುವಾಗುತ್ತದೆ. ಸಾಕು ಅಂತ ಮೆದುಳು ಬಾಯಾರಿಕೆ ನಿಲ್ಲಿಸುತ್ತದೆ, ಕುಡಿದ ನೀರನ್ನು ಕಿಡ್ನಿ ಹೊರಗೆ ಕಳಿಸುತ್ತದೆ. ಸೋಡಿಯಂ ಇದ್ದರೆ ಬಾಯಾರಿಕೆ ಇನ್ನಷ್ಟು ಹೊತ್ತು ಉಳಿಯುತ್ತದೆ, ಕುಡಿದಿದ್ದೂ ಮೈಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಒಂದು ಪಂದ್ಯ, ಮಧ್ಯಾಹ್ನ ಇನ್ನೊಂದು ಅನ್ನುವವರಿಗೆ ಇದು ಉಪಯೋಗದ ವಿಷಯ. ನಾಳೆ ಸಂಜೆವರೆಗೆ ಆಟ ಇಲ್ಲದವರಿಗೆ ಊಟವೇ ಈ ಕೆಲಸ ಮಾಡುತ್ತದೆ.

ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. 2016ರಲ್ಲಿ ಪ್ರಕಟವಾಗಿದ್ದು. ಆರಾಮಾಗಿ ಕೂತಿದ್ದ 72 ಗಂಡಸರಿಗೆ ಬೇರೆ ಬೇರೆ ಪಾನೀಯ ಒಂದೊಂದು ಲೀಟರ್ ಕುಡಿಸಿ, ಎಷ್ಟು ಮೂತ್ರವಾಗಿ ಹೊರಗೆ ಬಂತು ಅಂತ ಅಳೆದರು. ಒಆರ್‌ಎಸ್ ಮತ್ತು ಹಾಲು ನೀರಿಗಿಂತ ಚೆನ್ನಾಗಿ ಮೈಯಲ್ಲಿ ನಿಂತವು. ಸ್ಪೋರ್ಟ್ಸ್ ಡ್ರಿಂಕ್‌ಗೂ ಬರೀ ನೀರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೂತಲ್ಲೇ ಕುಡಿಯುವವರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಬಾಯಿ ಮುಕ್ಕಳಿಸಿದರೂ ಸಾಕಂತೆ

ಇನ್ನು ಶಕ್ತಿಯ ವಿಷಯ. ನಮ್ಮ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಲಿವರ್‌ನಲ್ಲಿ ಸುಮಾರು 100 ಗ್ರಾಂ ಸಕ್ಕರೆ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಜೋರಾಗಿ ಓಡಿದರೆ ಒಂದೂವರೆಯಿಂದ ಎರಡು ಗಂಟೆಗೆ ಬರಿದಾಗುತ್ತದೆ. ಆಮೇಲೆ ಕಾಲು ಕಲ್ಲಾಗುತ್ತದೆ, ತಲೆ ಖಾಲಿಯಾಗುತ್ತದೆ. ಮ್ಯಾರಥಾನ್ ಓಡುವವರು ಇದನ್ನು 'ವಾಲ್' ಅನ್ನುತ್ತಾರೆ. ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ.

ಇಲ್ಲಿ ಸ್ಪೋರ್ಟ್ಸ್ ಡ್ರಿಂಕ್ ತನ್ನ ನಿಜವಾದ ಕೆಲಸ ಮಾಡುತ್ತದೆ. ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಒಳಗೆ ಹೋಗುತ್ತಿದ್ದರೆ ಕೂಡಿಟ್ಟ ಗ್ಲೈಕೋಜನ್ ಮೇಲಿನ ಹೊರೆ ಇಳಿಯುತ್ತದೆ. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಕರುಳು ಗಂಟೆಗೆ 60 ಗ್ರಾಂ ಹತ್ತಿರ ಕೈ ಚೆಲ್ಲುತ್ತದೆ. ಹಣ್ಣಿನ ಸಕ್ಕರೆ ಫ್ರಕ್ಟೋಸ್‌ಗೆ ಬೇರೆ ಬಾಗಿಲಿರುವುದರಿಂದ ಎರಡನ್ನೂ ಬೆರೆಸಿದರೆ 90 ಗ್ರಾಂವರೆಗೂ ಹೋಗುತ್ತದೆ. ದೂರದ ಸೈಕಲ್ ರೇಸಿನವರು ಹೊಟ್ಟೆಯನ್ನೂ ಕಾಲಿನ ಹಾಗೆ ತರಬೇತಿ ಮಾಡುವುದು ಇದಕ್ಕೇ.

ಆದರೆ ಒಂದು ಗಂಟೆಯ ವ್ಯಾಯಾಮಕ್ಕೆ? ಅಷ್ಟರಲ್ಲಿ ಕೂಡಿಟ್ಟಿದ್ದು ಖಾಲಿಯಾಗುವುದಿಲ್ಲ. ಆದರೂ ಕೆಲವು ಪ್ರಯೋಗಗಳಲ್ಲಿ ಸಕ್ಕರೆ ನೀರು ಕುಡಿದವರು ಸ್ವಲ್ಪ ವೇಗವಾಗಿ ಹೋಗುತ್ತಿದ್ದರು. ಸಂಶೋಧಕರಿಗೇ ಇದು ಒಗಟು. ಮೊದಲು ಗ್ಲೂಕೋಸನ್ನು ನೇರವಾಗಿ ರಕ್ತನಾಳಕ್ಕೇ ಬಿಟ್ಟು ನೋಡಿದರು. ಏನೂ ಲಾಭ ಆಗಲಿಲ್ಲ. ಆಮೇಲೆ, 2004ರಲ್ಲಿ, ಸೈಕಲ್ ತುಳಿಯುವವರಿಗೆ ಸಿಹಿ ಗೊತ್ತಾಗದ ಮಾಲ್ಟೋಡೆಕ್ಸ್‌ಟ್ರಿನ್ ಅನ್ನುವ ಕಾರ್ಬೋಹೈಡ್ರೇಟ್ ಕಲಸಿದ ನೀರು ಕೊಟ್ಟು, ಬಾಯಿ ಮುಕ್ಕಳಿಸಿ ಉಗಿಯಿರಿ ಅಂದರು. ಹೊಟ್ಟೆಗೆ ಒಂದು ಹನಿಯೂ ಇಳಿಯಲಿಲ್ಲ. ಆದರೂ ಸುಮಾರು ಒಂದು ಗಂಟೆಯ ಪಂದ್ಯದಲ್ಲಿ ಅವರ ಸಾಮರ್ಥ್ಯ ಶೇ. 3ರಷ್ಟು ಏರಿತು!

ರಕ್ತಕ್ಕೆ ಬಿಟ್ಟರೆ ಇಲ್ಲ, ನಾಲಿಗೆಗೆ ಮುಟ್ಟಿಸಿದರೆ ಉಂಟು. ಆಮೇಲೆ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ ಸ್ವಲ್ಪ ಅರ್ಥವಾಯಿತು. ಬಾಯಿಗೆ ಕಾರ್ಬೋಹೈಡ್ರೇಟ್ ಬಿದ್ದ ಕೂಡಲೇ ಖುಷಿ, ಹುರುಪಿಗೆ ಸಂಬಂಧಪಟ್ಟ ಭಾಗಗಳು ಎಚ್ಚರಗೊಳ್ಳುತ್ತವೆ. ಊಟ ಬರ್ತಾ ಇದೆ, ಇನ್ನು ಬಿಗಿ ಹಿಡಿಯಬೇಕಿಲ್ಲ ಅಂತ ಮೆದುಳು ಕಾಲಿಗೆ ಪರವಾನಗಿ ಕೊಟ್ಟ ಹಾಗೆ. ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾಗುವ ಪ್ರಯೋಗ ಇದು. ಮುಕ್ಕಾಲು ಗಂಟೆ ಆಡಿ ಬೆಂಚಿನ ಮೇಲೆ ಕೂತು ಕುಡಿಯುತ್ತಿದ್ದ ನನಗೆ ಮಾತ್ರ ಇದರಿಂದಲೂ ಏನೂ ಪ್ರಯೋಜನ ಇರಲಿಲ್ಲ. ಆಟ ಆಗಲೇ ಮುಗಿದಿತ್ತು.

ಪುರಾವೆಯ ಗುಣಮಟ್ಟದ ಬಗ್ಗೆ ಒಂದು ಮಾತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ಇಂಥ ಪಾನೀಯಗಳ ಎರಡು ಹೇಳಿಕೆ ಒಪ್ಪಿಕೊಂಡಿತು. ದೀರ್ಘ ವ್ಯಾಯಾಮದಲ್ಲಿ ಸಾಮರ್ಥ್ಯ ಉಳಿಸುತ್ತವೆ ಅನ್ನುವುದು ಒಂದು, ನೀರು ಹೀರಿಕೊಳ್ಳಲು ನೆರವಾಗುತ್ತವೆ ಅನ್ನುವುದು ಇನ್ನೊಂದು. ಅದಕ್ಕೆ ಷರತ್ತುಗಳೂ ಇದ್ದವು. ಲೀಟರಿಗೆ ಕನಿಷ್ಠ 460 ಮಿಲಿ ಗ್ರಾಂ ಸೋಡಿಯಂ ಇರಬೇಕು ಅನ್ನುವುದು ಅದರಲ್ಲಿ ಒಂದು. ಮರುವರ್ಷ, 2012ರಲ್ಲಿ, ಬ್ರಿಟಿಷ್ ಮೆಡಿಕಲ್ ಜರ್ನಲ್ ಬೇರೆ ಕೆಲಸಕ್ಕೆ ಕೈ ಹಾಕಿತು. ಕ್ರೀಡಾ ಪಾನೀಯ, ಪೌಡರು, ಬೂಟುಗಳ ಜಾಹೀರಾತಿನಲ್ಲಿದ್ದ 431 ಹೇಳಿಕೆಗಳ ಹಿಂದೆ ಏನಿದೆ ಅಂತ ಹುಡುಕಿಸಿತು. ತೂಗಿ ನೋಡಬಹುದಾಗಿದ್ದ 74 ಅಧ್ಯಯನಗಳಲ್ಲಿ ಗಟ್ಟಿಯಾದವು ಅನ್ನಿಸಿಕೊಂಡವು ಮೂರೇ ಮೂರು.

ಇವೆರಡೂ ಒಂದಕ್ಕೊಂದು ವಿರುದ್ಧ ಅಂತ ನನಗೆ ಅನಿಸುವುದಿಲ್ಲ. ಹೆಚ್ಚಿನ ಪ್ರಯೋಗಗಳು ನಡೆದಿರುವುದು ಚೆನ್ನಾಗಿ ಪಳಗಿದ ಯುವ ಕ್ರೀಡಾಪಟುಗಳ ಮೇಲೆ. ಅದೂ ಎಷ್ಟೋ ಸಲ ರಾತ್ರಿಯಿಂದ ಏನೂ ತಿನ್ನದೆ ಬಂದವರ ಮೇಲೆ. ಖಾಲಿ ಹೊಟ್ಟೆಯಲ್ಲಿ ಎರಡು ಗಂಟೆ ಸೈಕಲ್ ತುಳಿದವರಿಗೆ ಸಕ್ಕರೆ ಕೊಟ್ಟರೆ ಲಾಭ ಆಗದೆ ಇರುತ್ತದಾ? ಆ ಫಲಿತಾಂಶವನ್ನು ತಿಂಡಿ ತಿಂದು ವಾಕಿಂಗ್ ಹೊರಟವರಿಗೆ ಮಾರಿದ್ದೇ ತಪ್ಪು.

ಕುಡಿದಷ್ಟೂ ಒಳ್ಳೆಯದು ಅಂದುಕೊಂಡಾಗ

ಸ್ಪೋರ್ಟ್ಸ್ ಡ್ರಿಂಕ್‌ನ ಅಪಾಯ ಅಂದರೆ ಎಲ್ಲರಿಗೂ ಸಕ್ಕರೆ ನೆನಪಾಗುತ್ತದೆ. ಪ್ರಾಣ ತೆಗೆದಿರುವುದು ಮಾತ್ರ ಸಕ್ಕರೆಯಲ್ಲ, ಜಾಸ್ತಿ ಕುಡಿಯುವುದು.

ಆಟದ ಹೊತ್ತಿನಲ್ಲಿ ಕುಡಿಯಲೇಬಾರದು ಅನ್ನುತ್ತಿದ್ದ ಕಾಲ ಹೋಗಿ, ಆದಷ್ಟೂ ಕುಡಿಯಿರಿ ಅನ್ನುವ ಕಾಲ ಬಂತು. ಅಮೆರಿಕದ ಕ್ರೀಡಾ ವೈದ್ಯಕೀಯ ಸಂಸ್ಥೆಯ 1996ರ ಸಲಹೆಯಲ್ಲಿ ಗಂಟೆಗೆ 600ರಿಂದ 1,200 ಮಿಲಿ ಲೀಟರ್ ಅನ್ನುವ ಅಂಕಿ ಇತ್ತು. ಬಾಯಾರಿಕೆಯನ್ನು ನಂಬಬೇಡಿ, ಬಾಯಾರುವ ಮೊದಲೇ ಕುಡಿಯಿರಿ ಅನ್ನುವುದು ಗಾದೆಯ ಹಾಗೆ ಹಬ್ಬಿತು. ಪಾನೀಯದ ಕಂಪನಿಗಳಿಗೂ ಇದು ಹಿತವಾದ ಮಾತೇ.

2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 28 ವರ್ಷದ ಓಟಗಾರ್ತಿಯೊಬ್ಬರು ಕುಸಿದುಬಿದ್ದು ತೀರಿಕೊಂಡರು. ಅವರು ದಾರಿಯುದ್ದಕ್ಕೂ ಕುಡಿದಿದ್ದು ಬರೀ ನೀರಲ್ಲ, ಸ್ಪೋರ್ಟ್ಸ್ ಡ್ರಿಂಕ್. ರಕ್ತದಲ್ಲಿ ಸೋಡಿಯಂ ಕುಸಿದಿತ್ತು. ಇದಕ್ಕೆ ವೈದ್ಯರು ಹೈಪೊನಟ್ರೀಮಿಯಾ ಅನ್ನುತ್ತಾರೆ. ಅದೇ ಓಟದಲ್ಲಿ 488 ಜನರ ರಕ್ತ ಪರೀಕ್ಷೆ ಮಾಡಿದ ಅಧ್ಯಯನ 2005ರಲ್ಲಿ ಬಂತು. ಶೇ. 13 ಜನರಲ್ಲಿ ಸೋಡಿಯಂ ಇರಬೇಕಾದ ಮಟ್ಟಕ್ಕಿಂತ ಕೆಳಗೆ ಇತ್ತು. ಮೂವರಲ್ಲಿ ಪ್ರಾಣಾಪಾಯದ ಮಟ್ಟಕ್ಕೆ ಇಳಿದಿತ್ತು. ಯಾರಿಗೆ ಹೀಗಾಯಿತು? ಓಟದಲ್ಲಿ ತೂಕ ಇಳಿಯುವ ಬದಲು ಏರಿದವರಿಗೆ, ನಾಲ್ಕು ಗಂಟೆಗಿಂತ ಜಾಸ್ತಿ ಹೊತ್ತು ತೆಗೆದುಕೊಂಡವರಿಗೆ. ಕುಡಿದಿದ್ದು ನೀರೋ ಸ್ಪೋರ್ಟ್ಸ್ ಡ್ರಿಂಕೋ ಅನ್ನುವುದರಿಂದ ವ್ಯತ್ಯಾಸ ಆಗಲಿಲ್ಲ.

ಎಲೆಕ್ಟ್ರೊಲೈಟ್, ಅಂದರೆ ಸೋಡಿಯಂನಂಥ ಲವಣ ಇರುವ ಪಾನೀಯ ಕುಡಿದರೂ ಯಾಕೆ ಹೀಗೆ? ಲೆಕ್ಕ ಸರಳ. ನಮ್ಮ ರಕ್ತದಲ್ಲಿ ಲೀಟರಿಗೆ 135ರಿಂದ 145 ಮಿಲಿಮೋಲ್ (ಲ್ಯಾಬ್‌ನಲ್ಲಿ ಬಳಸುವ ಒಂದು ಅಳತೆ) ಸೋಡಿಯಂ ಇರುತ್ತದೆ. ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಸುಮಾರು 20. ರಕ್ತದ ಪಾಲಿಗೆ ಅದು ಹೆಚ್ಚುಕಡಿಮೆ ನೀರೇ. ಗಟ್ಟಿ ಸಾರಿಗೆ ತೆಳು ಸಾರು ಸುರಿಯುತ್ತಾ ಹೋದರೆ ಉಪ್ಪು ಜಾಸ್ತಿ ಆಗುತ್ತದಾ? ಅದರ ಮೇಲೆ, ಹೊತ್ತುಗಟ್ಟಲೆ ಓಡುವಾಗ ನೀರನ್ನು ಹಿಡಿದಿಡುವ ಹಾರ್ಮೋನ್ ದೇಹದಲ್ಲಿ ಏರಿರುತ್ತದೆ. ಜಾಸ್ತಿಯಾದ ನೀರನ್ನು ಕಿಡ್ನಿ ಹೊರಗೆ ಹಾಕಲು ಆಗುವುದಿಲ್ಲ. ಮೆದುಳು ಊದಿಕೊಳ್ಳುತ್ತದೆ.

ಇದರ ಲಕ್ಷಣ ನೋಡಿ: ತಲೆನೋವು, ವಾಕರಿಕೆ, ಸುಸ್ತು, ಗೊಂದಲ. ನಿರ್ಜಲೀಕರಣದ ಲಕ್ಷಣವೂ ಹೆಚ್ಚುಕಡಿಮೆ ಇದೇ. ಪಕ್ಕದಲ್ಲಿ ಇದ್ದವರು ಪಾಪ, ಸುಸ್ತಾಗಿದೆ ಅಂತ ಇನ್ನೊಂದು ಬಾಟಲಿ ಕುಡಿಸುತ್ತಾರೆ. ಗುರುತಿಸಲು ಸಿಗುವ ಸುಳಿವುಗಳು ಸಣ್ಣವು. ಉಂಗುರ ಬಿಗಿಯಾಗುವುದು, ವಾಚಿನ ಪಟ್ಟಿ ಕೈಗೆ ಒತ್ತುವುದು, ಓಡಿದ ಮೇಲೂ ತೂಕ ಏರಿರುವುದು. ಗೊಂದಲ, ವಾಂತಿ ಶುರುವಾದರೆ ಕುಡಿಸುವುದನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಗಾಢ ಉಪ್ಪಿನ ದ್ರಾವಣ ರಕ್ತಕ್ಕೆ ಕೊಡುತ್ತಾರೆ. 2015ರಲ್ಲಿ ಹಲವು ದೇಶಗಳ ತಜ್ಞರು ಕೂತು ಕೊಟ್ಟ ಸಲಹೆ ನಮ್ಮ ಅಜ್ಜಿಯೂ ಹೇಳಬಹುದಾಗಿದ್ದದ್ದು: ಬಾಯಾರಿಕೆ ಆದಾಗ ಕುಡಿಯಿರಿ.

ಸ್ನಾಯು ಸೆಳೆತದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಉಪ್ಪು ಕಮ್ಮಿಯಾಗಿ ಕಾಲು ಹಿಡಿದುಕೊಂಡಿತು ಅನ್ನುವುದು ಎಲ್ಲ ಮೈದಾನದಲ್ಲೂ ಕೇಳುವ ಮಾತು. ಹೆಚ್ಚಿನ ಪುರಾವೆ ದಣಿದ ಸ್ನಾಯು ಮತ್ತು ನರದ ಕಡೆ ಬೆರಳು ತೋರಿಸುತ್ತದೆ. ಸೌತೆಕಾಯಿ ಉಪ್ಪಿನಕಾಯಿಯ ಹುಳಿ ನೀರು ಕುಡಿಸಿದರೆ ಒಂದೂವರೆ ನಿಮಿಷದಲ್ಲಿ ಸೆಳೆತ ಬಿಟ್ಟಿದ್ದು 2010ರ ಒಂದು ಪ್ರಯೋಗದಲ್ಲಿ ಕಂಡಿತು. ಅಷ್ಟು ಬೇಗ ಉಪ್ಪು ಕರುಳು ದಾಟಿ ಸ್ನಾಯು ಮುಟ್ಟುವುದಿಲ್ಲ. ಗಂಟಲಿಗೆ ತಗಲಿದ ಖಾರ ಹುಳಿಗೆ ನರ ಬೆಚ್ಚಿ ಸೆಳೆತ ಬಿಟ್ಟಿರಬೇಕು. ತುಂಬಾ ಉಪ್ಪು ಬೆವರುವ ಕೆಲವರಿಗೆ ಸೋಡಿಯಂ ನೆರವಾಗಬಹುದು. ಬೆವರು ಒಣಗಿದ ಮೇಲೆ ಟೋಪಿ, ಬಟ್ಟೆ ಮೇಲೆ ಬಿಳಿ ಗೆರೆ ಕಾಣುವುದು ಇಂಥವರಲ್ಲೇ.

ಹಲ್ಲಿಗೆ ಗುಟುಕೇ ಶತ್ರು

ಪಿಎಚ್ ಅನ್ನುವುದು ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹಲ್ಲಿನ ಹೊರಪದರವಾದ ಎನಾಮಲ್ ಪಿಎಚ್ 5.5ರ ಕೆಳಗೆ ಕರಗಲು ಶುರುವಾಗುತ್ತದೆ. ಹೆಚ್ಚಿನ ಸ್ಪೋರ್ಟ್ಸ್ ಡ್ರಿಂಕ್‌ಗಳ ಪಿಎಚ್ 3ರಿಂದ 4. ರುಚಿಗೆ, ಕೆಡದಂತೆ ಇಡಲು ಹಾಕುವ ಸಿಟ್ರಿಕ್ ಆಮ್ಲದ ಪ್ರಭಾವ. ಇಲ್ಲಿ ಎಷ್ಟು ಕುಡಿದಿರಿ ಅನ್ನುವುದಕ್ಕಿಂತ ಹೇಗೆ ಕುಡಿದಿರಿ ಅನ್ನುವುದು ದೊಡ್ಡ ವಿಷಯ. ಎಂಜಲು ಈ ಹುಳಿಯನ್ನು ತೊಳೆದು ಹಲ್ಲನ್ನು ಮೊದಲಿನ ಸ್ಥಿತಿಗೆ ತರುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಓಡುವವರು ಮಾಡುವುದೇನು? ಹತ್ತು ನಿಮಿಷಕ್ಕೊಮ್ಮೆ ಒಂದು ಗುಟುಕು. ಬಾಯಿಯಲ್ಲಿ ಉಸಿರಾಡಿ ಎಂಜಲು ಮೊದಲೇ ಒಣಗಿರುತ್ತದೆ. ಹಲ್ಲಿಗೆ ಬಿಡುವೇ ಸಿಗುವುದಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದಂತ ಚಿಕಿತ್ಸಾಲಯಕ್ಕೆ ಬಂದ 278 ಕ್ರೀಡಾಪಟುಗಳ ಬಾಯಿ ಪರೀಕ್ಷೆ ಮಾಡಿದಾಗ ಶೇ. 55 ಜನರಿಗೆ ಹುಳುಕು, ಶೇ. 45 ಜನರಿಗೆ ಹಲ್ಲಿನ ಸವೆತ. ಜಗತ್ತಿನ ಗಟ್ಟಿ ದೇಹಗಳು, ಹಲ್ಲು ಮಾತ್ರ ಟೊಳ್ಳು. ಪೂರ್ತಿ ತಪ್ಪು ಈ ಪಾನೀಯದ್ದೇ ಅನ್ನಲು ಆಗುವುದಿಲ್ಲ. ಆಗಾಗ ತಿನ್ನುವ ಎನರ್ಜಿ ಜೆಲ್ಲು, ಎನರ್ಜಿ ಬಾರು, ಡೆಂಟಿಸ್ಟ್ ಹತ್ತಿರ ಹೋಗದ ಅಭ್ಯಾಸ ಎಲ್ಲ ಸೇರಿರುತ್ತದೆ. ಕುಡಿಯಲೇಬೇಕಾದರೆ ಹಿಂದೆಯೇ ಒಂದು ಗುಟುಕು ನೀರು ಬಾಯಾಡಿಸಿ. ಮನೆಗೆ ಬಂದ ಕೂಡಲೇ ಬ್ರಷ್ ಮಾಡಬೇಡಿ. ಹುಳಿಗೆ ಮೆತ್ತಗಾದ ಎನಾಮಲ್ ಮೇಲೆ ಬ್ರಷ್ ಉಜ್ಜಿದರೆ ಅದೂ ಸವೆಯುತ್ತದೆ. ಅರ್ಧ ಗಂಟೆ ಬಿಡಿ. ಜೀರೋ ಶುಗರ್ ಅಂತ ಬರೆದಿದ್ದರೂ ಹುಳಿ ಜೀರೋ ಆಗಿರುವುದಿಲ್ಲ, ನೆನಪಿರಲಿ.

ಲೇಬಲ್ ತಿರುಗಿಸಿದರೆ

ಬಾಟಲಿ ಹಿಂದೆ ಸಣ್ಣ ಅಕ್ಷರದಲ್ಲಿ '100 ಮಿಲಿ ಲೀಟರಿಗೆ 6 ಗ್ರಾಂ' ಅಂತ ಇರುತ್ತದೆ. ಕೋಲಾದಲ್ಲಿ ಹತ್ತೂವರೆ ಗ್ರಾಂ. ಅಯ್ಯೋ, ಅರ್ಧದಷ್ಟೇ ಅಲ್ವಾ ಅನಿಸುತ್ತದೆ. ಆದರೆ 330 ಮಿಲಿಯ ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ. ಸುಮಾರು 600 ಮಿಲಿಯ ಸ್ಪೋರ್ಟ್ಸ್ ಡ್ರಿಂಕ್ ಬಾಟಲಿಯಲ್ಲೂ ಅಷ್ಟೇ. ಕೋಲಾ ಕುಡಿಯುವಾಗ ಮನಸ್ಸಿಗೆ ಸ್ವಲ್ಪ ಚುರುಕ್ ಅನ್ನುತ್ತದೆ. ಇದನ್ನು ಕುಡಿಯುವಾಗ ಆರೋಗ್ಯಕ್ಕೇ ಏನೋ ಮಾಡಿಕೊಂಡ ಹಾಗೆ ಇರುತ್ತದೆ. ಅಸಲಿ ಸಮಸ್ಯೆ ಇದೇ.

ಸೇರಿಸಿದ ಸಕ್ಕರೆ ದಿನದ ಶಕ್ತಿಯಲ್ಲಿ ಶೇ. 10 ಮೀರಬಾರದು, ಶೇ. 5ಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶೇ. 5 ಅಂದರೆ ವಯಸ್ಕರಿಗೆ ಸುಮಾರು 25 ಗ್ರಾಂ. ಒಂದು ಬಾಟಲಿ ಅದನ್ನು ದಾಟಿಬಿಡುತ್ತದೆ. ಅರ್ಧ ಗಂಟೆ ಚುರುಕಾಗಿ ನಡೆದು ಕರಗಿಸಿದ್ದನ್ನು ಬಾಟಲಿ ಎರಡು ನಿಮಿಷದಲ್ಲಿ ವಾಪಸ್ ಕೊಡುತ್ತದೆ. ತೂಕ ಇಳಿಸಲು ಜಿಮ್‌ಗೆ ಸೇರಿದವರು ಟ್ರೆಡ್‌ಮಿಲ್ ಮೇಲೇ ಇದನ್ನು ಹೀರುತ್ತಿರುವುದನ್ನು ಕಂಡಾಗ ಹೇಳಬೇಕೋ ಬೇಡವೋ ಅಂತ ನಾನು ಒದ್ದಾಡಿದ್ದುಂಟು. ಹೇಳಿಲ್ಲ.

ಮಕ್ಕಳ ವಿಷಯದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಸಾಮಾನ್ಯ ಆಟಕ್ಕೆ ನೀರು ಸಾಕು. ಎನರ್ಜಿ ಡ್ರಿಂಕ್ ಅಂತೂ ಮಕ್ಕಳಿಗೆ ಬೇಡವೇ ಬೇಡ. ಈ ಎರಡು ಹೆಸರುಗಳನ್ನು ದೊಡ್ಡವರೂ ಕಲಸಿಕೊಳ್ಳುತ್ತಾರೆ. ಅಂಗಡಿಯ ಫ್ರಿಜ್‌ನಲ್ಲಿ ಅಕ್ಕಪಕ್ಕ ನಿಂತಿರುತ್ತವೆ, ಡಬ್ಬಿಯ ಮೇಲೆ ಅದೇ ಮಿಂಚು, ಅದೇ ಓಡುವ ಚಿತ್ರ. ಎನರ್ಜಿ ಡ್ರಿಂಕ್‌ನ ಮುಖ್ಯ ಸರಕು ಕೆಫೀನ್. 250 ಮಿಲಿಯ ಕ್ಯಾನ್‌ನಲ್ಲಿ ಸಾಮಾನ್ಯವಾಗಿ 80 ಮಿಲಿ ಗ್ರಾಂ ಇರುತ್ತದೆ. ಬೆವರು ಸುರಿಸಿದ ಮಗುವಿನ ಕೈಗೆ ಅದು ಹೋದರೆ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ.

ಕಾಯಿಲೆ ಇರುವವರಿಗೆ ಒಂದೊಂದು ಮಾತು. ಭೇದಿ ಆದಾಗ ಸ್ಪೋರ್ಟ್ಸ್ ಡ್ರಿಂಕ್ ಒಆರ್‌ಎಸ್‌ಗೆ ಬದಲಿ ಅಲ್ಲ. ಮೇಲೆ ನೋಡಿದ ಲೆಕ್ಕದಲ್ಲಿ ಉಪ್ಪು ಸಾಲದು, ಜಾಸ್ತಿ ಸಕ್ಕರೆ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚಿಸಬಹುದು. ಬಿಪಿ, ಹೃದಯ, ಕಿಡ್ನಿ ತೊಂದರೆ ಇರುವವರು ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ವೈದ್ಯರನ್ನು ಕೇಳಿಯೇ ಲೆಕ್ಕ ಹಾಕಬೇಕು. ಸಕ್ಕರೆ ಕಾಯಿಲೆಯವರಿಗೆ ದಿನನಿತ್ಯ ಇದು ಬೇಡದ ವಸ್ತು. ಆದರೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ದಿಢೀರ್ ಶುಗರ್ ಇಳಿದು ಕೈ ನಡುಗಿ ಬೆವರತೊಡಗಿದರೆ ತಕ್ಷಣ 15 ಗ್ರಾಂ ಸಕ್ಕರೆ ಬೇಕು. ಇದರ ಒಂದು ಲೋಟ, 250 ಮಿಲಿ, ಸರಿಯಾಗಿ ಅಷ್ಟನ್ನೇ ಕೊಡುತ್ತದೆ. ಜೀರೋ ಶುಗರ್ ಬಾಟಲಿ ಆ ಹೊತ್ತಿಗೆ ಏನೂ ಪ್ರಯೋಜನಕ್ಕಿಲ್ಲ.

ನಿಮ್ಮ ಲೆಕ್ಕ ನಿಮಗೆ ಬೇಕಾದರೆ ತೂಕದ ಯಂತ್ರ ಸಾಕು. ಆಡುವ ಮೊದಲು ಒಮ್ಮೆ, ಆಡಿದ ಮೇಲೆ ಮೈ ಒರೆಸಿ ಒಮ್ಮೆ ನಿಲ್ಲಿ. ನಡುವೆ ಕುಡಿದಿದ್ದನ್ನು ಸೇರಿಸಿಕೊಳ್ಳಿ. ಒಂದು ಕಿಲೋ ಅಂದರೆ ಒಂದು ಲೀಟರ್ ಬೆವರು. ಬಿಸಿಲಿದ್ದ ದಿನ, ಇಲ್ಲದ ದಿನ ಎರಡೂ ಮಾಡಿ ನೋಡಿ, ಅಂಕಿ ಎಷ್ಟು ಬದಲಾಗುತ್ತದೆ ಅಂತ ಆಶ್ಚರ್ಯವಾಗುತ್ತದೆ. ತೂಕ ಶೇ. 2ಕ್ಕಿಂತ ಜಾಸ್ತಿ ಇಳಿದಿದ್ದರೆ ಮುಂದಿನ ಸಲ ಇನ್ನಷ್ಟು ಕುಡಿಯಬೇಕು. ಏರಿದ್ದರೆ ಕಮ್ಮಿ ಮಾಡಬೇಕು.

ನನ್ನ ಶಟಲ್ ಚೀಲದಲ್ಲಿ ಈಗ ನೀರಿನ ಬಾಟಲಿ ಮಾತ್ರ ಇರುತ್ತದೆ. ಹೋದ ತಿಂಗಳು ಗೆಳೆಯರ ಜೊತೆ ಮೂರೂವರೆ ಗಂಟೆ ಸೈಕಲ್ ಹೋಗಿದ್ದೆ. ಅವತ್ತು ಎರಡು ಬಾಟಲಿ ಸಿಕ್ಕಿಸಿಕೊಂಡಿದ್ದೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಅದೇ ನೀಲಿ ಪಾನೀಯ. ನೀಲಿಯನ್ನು ಮುಟ್ಟಿದ್ದು ಒಂದು ಗಂಟೆ ಕಳೆದ ಮೇಲೆ, ಏರು ಶುರುವಾದಾಗ. ಮನೆಗೆ ಬಂದು ತೂಕ ನೋಡಿದರೆ 900 ಗ್ರಾಂ ಇಳಿದಿತ್ತು. ಊಟಕ್ಕೆ ಮೊದಲು ಎರಡು ಲೋಟ ನೀರು ಕುಡಿದೆ.